ಶಿಲ್ಪಿಯ ಮನೆ ಉಳಿಸುವುದೆಂದರೆ ಏನನ್ನು ಉಳಿಸುವುದು?

ನಮ್ಮ ಕಲಬುರಗಿಯ ಸರ್ಕಾರಿ ವಸ್ತುಸಂಗ್ರಹಾಲಯವನ್ನು ನಿಮ್ಮಲ್ಲಿ ಎಷ್ಟು ಮಂದಿ ನೋಡಿದ್ದೀರಿ? ಕೈ ಎತ್ತಿ. ಅರ್ಧಕ್ಕಿಂತ ಕಡಿಮೆ. ಈ ವಾರ ಹೋಗಿ ಬನ್ನಿ. ಬಹಮನಿ ಕಾಲದ ಎರಡು ಗುಮ್ಮಟಗಳ ಒಳಗೆ ಇದೆ, ಸನ್ನತಿ ಕಡೆಯಿಂದ ತಂದ ಬೌದ್ಧ ಶಿಲ್ಪಗಳು ಅಲ್ಲಿವೆ. ಹೋದ ವರ್ಷ ನನ್ನ ವಿದ್ಯಾರ್ಥಿಗಳನ್ನು ಅಲ್ಲಿಗೆ ಕರಕೊಂಡು ಹೋಗಿದ್ದೆ. ಸಾತವಾಹನರು, ಸ್ತೂಪ, ಭೀಮಾ ನದಿ, ಸುಣ್ಣದಕಲ್ಲು ಅಂತ ಎಲ್ಲ ಹೇಳಿ ಮುಗಿಸಿದೆ. ಕೊನೆಗೆ ಒಬ್ಬ ಹುಡುಗಿ ಕೇಳಿದಳು, "ಸರ್, ಇದನ್ನ ಕೆತ್ತಿದವರು ಎಲ್ಲಿ ಕುಂತು ಕೆತ್ತಿದ್ರಿ?"

ಆ ಪ್ರಶ್ನೆ ಇವತ್ತಿನ ತನಕ ನನ್ನ ಬೆನ್ನು ಬಿಟ್ಟಿಲ್ಲ. ಸನ್ನತಿ ಹತ್ತಿರ, ಚಿತ್ತಾಪುರ ತಾಲ್ಲೂಕಿನ ಕನಗನಹಳ್ಳಿಯಲ್ಲಿ 1994ರಿಂದ ಉತ್ಖನನ ನಡೆದು ದೊಡ್ಡ ಸ್ತೂಪವೇ ಹೊರಗೆ ಬಂತು. ಅಶೋಕನನ್ನು ರಾಣಿಯ ಜೊತೆ ಕೆತ್ತಿದ ಫಲಕ ಸಿಕ್ಕಿತು, ಅದರ ಮೇಲೆ ಬ್ರಾಹ್ಮಿಯಲ್ಲಿ 'ರಾಯೋ ಅಸೋಕೋ' ಅಂತ ಹೆಸರೂ ಇತ್ತು. ಅರಸನ ಹೆಸರು ಉಳಿಯಿತು. ಕೆತ್ತಿದವನ ಚಪ್ಪರ, ಅವನ ಉಳಿಯ ರಾಶಿ, ಅರ್ಧಕ್ಕೆ ಬಿಟ್ಟ ಕಲ್ಲು, ಮಧ್ಯಾಹ್ನ ಬುತ್ತಿ ಬಿಚ್ಚಿ ಕೂತ ಜಾಗ, ಇವೆಲ್ಲ ಹೋದವು. ಎರಡು ಸಾವಿರ ವರ್ಷದ ಹಿಂದಿನವರನ್ನು ಈಗ ಯಾರು ಕೇಳಬೇಕು? ನಮ್ಮ ಕಣ್ಣೆದುರಿಗೆ ಬದುಕಿ ಕೆಲಸ ಮಾಡಿದವರ ಜಾಗವನ್ನಾದರೂ ನಾವು ಉಳಿಸಿಕೊಂಡೆವೇ? ನಾನು ಇವತ್ತು ಮಾತಾಡಬೇಕಾದ್ದು ಇದನ್ನೇ.

ಮೊದಲು ನಾನು ಕಳಕೊಂಡದ್ದನ್ನು ಹೇಳುತ್ತೇನೆ. ನನಗೆ ಮಣ್ಣು ಹಿಡಿಯುವುದನ್ನು ಕಲಿಸಿದ ಗುರುಗಳ ಮನೆ ಹಳೆ ಊರಿನ ಒಂದು ಓಣಿಯಲ್ಲಿತ್ತು. ಮುಂದೆ ಮನೆ, ಹಿಂದೆ ಅಂಗಳ, ಅಂಗಳದ ತುಂಬ ಶಹಾಬಾದಿ ಫರಸಿ ಕಲ್ಲು, ಮೂಲೆಯಲ್ಲಿ ಬೇವಿನ ಮರ, ಅದರ ನೆರಳಿಗೆ ಪತ್ರಾಸಿನ, ಅಂದರೆ ತಗಡಿನ, ಶೆಡ್ಡು. ಶೆಡ್ಡಿನ ಗೋಡೆಯೇ ಅವರ ನೋಟುಪುಸ್ತಕ. 'ಬಸವಣ್ಣ, ಎಡಗೈ ಎರಡಿಂಚು ಕಡಿಮೆ' ಅಂತ ಬರೆದಿರುತ್ತಿದ್ದರು. ಅದರ ಕೆಳಗೇ ಹಾಲಿನವನ ಲೆಕ್ಕ. ಅದರ ಪಕ್ಕ, ಪ್ರತಿಮೆ ಸಮಿತಿಯವರು ಬಂದು ಮೂಗು ಇನ್ನೂ ಚೂಪಾಗಬೇಕು ಅಂದಾಗ, ಅವರೆದುರಿಗೇ ಇದ್ದಿಲಲ್ಲಿ ಬರೆದು ತೋರಿಸಿದ ನಾಲ್ಕು ಮೂಗು. ಒಂದು ಗೋಡೆ ತುಂಬ ಹಲಗೆ ಬಡಿದು, ಪ್ಲಾಸ್ಟರಿನ ಅಚ್ಚುಗಳನ್ನು ಸುತಳಿಯಿಂದ ಜೋಡಿ ಜೋಡಿ ಕಟ್ಟಿ ಇಟ್ಟಿದ್ದರು. ಒಂದೊಂದರ ಬೆನ್ನ ಮೇಲೂ ಕೆಂಪು ಪೆನ್ಸಿಲಿನ ನಂಬರು.

ಅವರು ಆಷಾಢದಲ್ಲಿ ತೀರಿಕೊಂಡರು. ನಾನು ಆಗ ಬೇರೆ ಊರಿನಲ್ಲಿ ನೌಕರಿಯಲ್ಲಿದ್ದೆ. ಮಣ್ಣಿಗೆ ಬಂದು ಹೋದೆ, ಮತ್ತೆ ಬಂದದ್ದು ಶ್ರಾವಣದ ಕೊನೆಗೆ. ಅಷ್ಟರಲ್ಲಿ ಶೆಡ್ಡು ಖಾಲಿ. ಬಾಡಿಗೆಗೆ ಕೊಡಬೇಕಂತ ಮನೆಯವರು ಸ್ವಚ್ಛ ಮಾಡಿಸಿದ್ದರು. ಗೋಡೆಗೆ ಸುಣ್ಣ ಬಳಿದಾಗಿತ್ತು. ಅಚ್ಚುಗಳನ್ನು ಟ್ರ್ಯಾಕ್ಟರಿನಲ್ಲಿ ತುಂಬಿ ಓಣಿಯ ಕೊನೆಯ ತಗ್ಗಿಗೆ ಸುರಿದಿದ್ದರು. ಸುರಿದ ಹುಡುಗ ಪಾಪ ಹೇಳಿದ, "ಸುಣ್ಣದ ಹೆಂಟಿ ಅಂತ ತಿಳಕೊಂಡೆ ಸರ್, ನನಗೇನ್ ಗೊತ್ರಿ." ಮಳೆಗೆ ಅರ್ಧ ಕರಗಿ ಹೋಗಿದ್ದವು. ಕೈಹಾಕಿ ತಡಕಾಡಿ ಒಂದೇ ಒಂದನ್ನು ಎತ್ತಿಕೊಂಡೆ. ಇಗೋ, ಮೇಜಿನ ಮೇಲೆ ಟವಲಿನಲ್ಲಿ ಸುತ್ತಿಟ್ಟದ್ದು ಅದೇ. ಒಂದು ಮುಖದ ಎಡಭಾಗದ ಅಚ್ಚು. ಬಲಭಾಗ ಸಿಗಲಿಲ್ಲ. ಅಚ್ಚಿನ ಎರಡೂ ಭಾಗ ಕೂಡಿದರೆ ಮಾತ್ರ ಮುಖ ಬರುತ್ತದೆ.

ಮನೆಯವರನ್ನು ನಾನು ಒಂದು ಮಾತೂ ಅನ್ನುವುದಿಲ್ಲ. ಅವರು ಗುರುಗಳನ್ನು ಮರೆತವರಲ್ಲ. ಒಂದು ಕಂಚಿನ ಮೂರ್ತಿಯನ್ನು ಗಾಜಿನ ಕಪಾಟಿನಲ್ಲಿಟ್ಟು ದಿನಾ ಹೂವು ಏರಿಸುತ್ತಾರೆ. ಅವರ ಲೆಕ್ಕದಲ್ಲಿ ಉಳಿಸಬೇಕಾದ್ದು ಅದು. ಅಚ್ಚು, ಗೋಡೆ, ಮುರಿದ ಕೈ, ತಂತಿಯ ಸುರುಳಿ, ಇವು ಕಸ. ಅದು ಕಸವಲ್ಲ ಅಂತ ಅವರಿಗೆ ಹೇಳಬೇಕಾದವನು ನಾನೇ ಆಗಿದ್ದೆ. ಗುರುಗಳು ಬದುಕಿದ್ದಾಗಲೇ ಹೇಳಬೇಕಾಗಿತ್ತು. ಹೇಳಲಿಲ್ಲ.

ಕವಿ, ಕಾದಂಬರಿಕಾರರ ಮನೆ ಉಳಿಸುವುದನ್ನು ನಮ್ಮ ನಾಡು ಕಲಿತಿದೆ. ಕುಪ್ಪಳಿಯ ಕವಿಮನೆ ನಿಮಗೆ ಗೊತ್ತು. ಮೈಸೂರಿನ ಯಾದವಗಿರಿಯಲ್ಲಿ ಆರ್.ಕೆ. ನಾರಾಯಣರ ಮನೆಯನ್ನು 2011ರಲ್ಲಿ ಕೆಡವಲು ಕೈಹಾಕಿದಾಗ ಜನ ಎದ್ದು ನಿಂತರು, 2016ರಲ್ಲಿ ಅದು ವಸ್ತುಸಂಗ್ರಹಾಲಯವಾಗಿ ತೆರೆಯಿತು. ಆದರೆ ಬರೆಯುವವರ ಮನೆಯಲ್ಲಿ ಕುರ್ಚಿ, ಕನ್ನಡಕ, ಪೆನ್ನು ಇಟ್ಟರೆ ಒಂದು ಮಟ್ಟಕ್ಕೆ ಸಾಕಾಗುತ್ತದೆ, ಯಾಕೆಂದರೆ ಪುಸ್ತಕ ಹೇಗೂ ಎಲ್ಲ ಕಡೆ ಸಿಗುತ್ತದೆ. ಶಿಲ್ಪಿಯ ಕೆಲಸ ಹಾಗಲ್ಲ. ಮುಗಿದ ಪ್ರತಿಮೆ ಮನೆ ಬಿಟ್ಟು ಹೋಗಿ ಯಾವುದೋ ವೃತ್ತದಲ್ಲಿ ನಿಂತಿರುತ್ತದೆ. ಮನೆಯಲ್ಲಿ ಉಳಿಯುವುದು ಅದು ಹೇಗಾಯಿತು ಅನ್ನುವುದು ಮಾತ್ರ. ಆ 'ಹೇಗೆ' ಅನ್ನುವುದನ್ನು ಗುಡಿಸಿ ಹಾಕಿ, ನಾಲ್ಕು ಪ್ರತಿಮೆ ಸಾಲಾಗಿ ನಿಲ್ಲಿಸಿ, ಟೈಲ್ಸ್ ಹಾಕಿಸಿ, ರಿಬ್ಬನ್ ಕತ್ತರಿಸಿದರೆ ನಾವು ಉಳಿಸಿದ್ದು ಕಟ್ಟಡ, ಅಷ್ಟೇ.

ಇದನ್ನು ಚೆನ್ನಾಗಿ ಮಾಡಿದವರ ಎರಡು ಉದಾಹರಣೆ ಕೊಡುತ್ತೇನೆ. ಇಂಗ್ಲೆಂಡಿನ ಸೇಂಟ್ ಐವ್ಸ್ ಅನ್ನುವ ಕಡಲತಡಿಯ ಊರಿನಲ್ಲಿ ಬಾರ್ಬರಾ ಹೆಪ್‌ವರ್ತ್ ಅನ್ನುವ ಶಿಲ್ಪಿ ಇದ್ದರು. 1949ರಲ್ಲಿ ಅವರು ಅಲ್ಲೊಂದು ಸ್ಟುಡಿಯೊ ಕೊಂಡರು, ಮುಂದೆ ಅದೇ ಅವರ ಮನೆಯೂ ಆಯಿತು. 1975ರಲ್ಲಿ ಅದೇ ಮನೆಯಲ್ಲಿ ಬೆಂಕಿ ಅನಾಹುತವಾಗಿ ತೀರಿಕೊಂಡರು. ಮರುವರ್ಷವೇ ಮನೆಯವರು ಅದನ್ನು ಜನರಿಗೆ ತೆರೆದರು, 1980ರಲ್ಲಿ ಟೇಟ್ ಅನ್ನುವ ಕಲಾ ಸಂಸ್ಥೆ ನೋಡಿಕೊಳ್ಳಲು ತೆಗೆದುಕೊಂಡಿತು. ತೋಟದಲ್ಲಿ ಅವರೇ ಇಟ್ಟ ಜಾಗದಲ್ಲಿ ಶಿಲ್ಪಗಳಿವೆ. ಕಲ್ಲು ಕೆತ್ತುವ ಕೋಣೆಯಲ್ಲಿ ಉಪಕರಣಗಳು, ಗೂಟಕ್ಕೆ ನೇತುಹಾಕಿದ ಏಪ್ರನ್, ಕೆತ್ತದೆ ಉಳಿದ ಕಲ್ಲು. ಮುಟ್ಟದ ಕಲ್ಲನ್ನು ಅವರು ಹೊರಗೆ ಹಾಕಲಿಲ್ಲ ನೋಡಿ. ಶಿಲ್ಪಿಯ ಮುಂದಿನ ಯೋಚನೆ ಇರುವುದೇ ಅದರಲ್ಲಿ.

ಎರಡನೆಯದು ಬ್ರಾಂಕುಸಿ. ರುಮೇನಿಯಾದಿಂದ ಬಂದು ಪ್ಯಾರಿಸ್ಸಿನ ಒಂದು ಸಂದಿಯಲ್ಲಿ ನೆಲೆಸಿದವರು. ಅವರಿಗೆ ಒಂದು ಶಿಲ್ಪ ಎಷ್ಟು ಮುಖ್ಯವೋ, ಅದರ ಮತ್ತು ಪಕ್ಕದ ಶಿಲ್ಪದ ನಡುವಿನ ಜಾಗವೂ ಅಷ್ಟೇ ಮುಖ್ಯ. ಒಂದು ಕೃತಿ ಮಾರಾಟವಾಗಿ ಹೋದರೆ ಅದರದೇ ಪ್ಲಾಸ್ಟರ್ ಪ್ರತಿಯನ್ನು ಆ ಜಾಗಕ್ಕೆ ತಂದಿಡುತ್ತಿದ್ದರು. 1956ರಲ್ಲಿ ಇಡೀ ಸ್ಟುಡಿಯೊವನ್ನು ಫ್ರಾನ್ಸ್ ಸರ್ಕಾರಕ್ಕೆ ಬರೆದುಕೊಟ್ಟರು, ಆದರೆ ಷರತ್ತು ಹಾಕಿ ಕೊಟ್ಟರು: ನಾನು ಸತ್ತ ದಿನ ಇದು ಹೇಗಿರುತ್ತದೋ ಹಾಗೇ ಇರಬೇಕು. ಮರುವರ್ಷ ತೀರಿಕೊಂಡರು. 137 ಶಿಲ್ಪ, 87 ಪೀಠ, 41 ರೇಖಾಚಿತ್ರ, 1600ಕ್ಕೂ ಹೆಚ್ಚು ಫೋಟೊ ಪ್ಲೇಟು ಮತ್ತು ಪ್ರಿಂಟುಗಳು. ಪೀಠಗಳನ್ನೂ ಎಣಿಸಿದ್ದಾರೆ, ಗಮನಿಸಿ. ಆ ಹಳೆ ಕಟ್ಟಡ ಉಳಿಯಲಿಲ್ಲ, ಕೆಡವಿದರು. ಆದರೆ ಯಾವ ವಸ್ತು ಎಲ್ಲಿತ್ತು ಅನ್ನುವ ದಾಖಲೆ ಇತ್ತು. ಹಾಗಾಗಿ ಪ್ಯಾರಿಸ್ಸಿನ ಪಾಂಪಿಡೂ ಕಲಾಕೇಂದ್ರದ ಎದುರಿಗೆ ರೆಂಜೊ ಪಿಯಾನೊ ಅನ್ನುವ ವಾಸ್ತುಶಿಲ್ಪಿ 1997ರಲ್ಲಿ ಅದನ್ನು ಮತ್ತೆ ಕಟ್ಟಿ ಕೊಟ್ಟರು. ಗೋಡೆ ಹೋದರೂ ದಾಖಲೆ ಇದ್ದರೆ ಸ್ಟುಡಿಯೊ ಮತ್ತೆ ಎದ್ದು ನಿಲ್ಲುತ್ತದೆ. ನಮ್ಮ ಗುರುಗಳದ್ದು ಉಲ್ಟಾ. ಗೋಡೆ ಈಗಲೂ ಇದೆ. ಅದರ ಮೇಲಿದ್ದದ್ದು ಸುಣ್ಣದ ಕೆಳಗಿದೆ.

ಪ್ಯಾರಿಸ್ಸು, ಇಂಗ್ಲೆಂಡು ನಮಗ್ಯಾಕೆ ಅನ್ನುವವರಿಗೆ ಹತ್ತಿರದ್ದೇ ಒಂದಿದೆ. ರಾತ್ರಿ ರೈಲು ಹತ್ತಿ, ಮುಂಬೈಯಲ್ಲಿಳಿದು, ಗೇಟ್‌ವೇ ಹತ್ತಿರ ಲಾಂಚ್ ಹಿಡಿದು ಮಾಂಡವಾಕ್ಕೆ ಹೋದರೆ ಅಲ್ಲಿಂದ ಅಲಿಬಾಗ್ ರಸ್ತೆಯಲ್ಲಿ ಸಾಸವಣೆ ಅಂತ ಹಳ್ಳಿ. ವಿನಾಯಕ ಪಾಂಡುರಂಗ ಕರ್ಮರ್ಕರ್ ಹುಟ್ಟಿದ್ದು ಅಲ್ಲಿ, 1891ರಲ್ಲಿ. ಪುಣೆಯಲ್ಲಿ 1928ರಲ್ಲಿ ಅನಾವರಣಗೊಂಡ ಶಿವಾಜಿ ಮಹಾರಾಜರ ಕುದುರೆ ಸವಾರಿಯ ಕಂಚಿನ ಪ್ರತಿಮೆ ಅವರದು. ಅಷ್ಟು ದೊಡ್ಡ ಕೆಲಸ ಮಾಡಿದವರು ಕೊನೆಗೆ ತಮ್ಮ ಊರಿನ ಮನೆಗೆ ಬಂದು, ಮೀನು ಮಾರುವ ಹೆಂಗಸನ್ನು, ಅಂಗಳದ ಎಮ್ಮೆಯನ್ನು ಸಿಮೆಂಟಿನಲ್ಲಿ ಮಾಡಿದರು. 1967ರಲ್ಲಿ ತೀರಿಕೊಂಡರು. ಆ ಮನೆ ಈಗ ವಸ್ತುಸಂಗ್ರಹಾಲಯ, ಮನೆತನದವರೇ ನೋಡಿಕೊಂಡು ಬಂದಿದ್ದಾರೆ. ನಾನು ಹೋದಾಗ ಆ ಎಮ್ಮೆಯ ಎದುರಿಗೆ ಬಹಳ ಹೊತ್ತು ಕೂತಿದ್ದೆ. ಗ್ಯಾಲರಿಯಲ್ಲಿದ್ದರೆ ಅದು 'ಪ್ರಾಣಿ ಶಿಲ್ಪ'. ಅಲ್ಲಿ ಅದು ಆ ಮನೆಯ ಎಮ್ಮೆ. ಮನೆಯನ್ನು ಮನೆಯಾಗಿಯೇ ಉಳಿಸಿದರೆ ಆಗುವ ಲಾಭ ಇದು.

ಕೆಲಸದ ಶೆಡ್ಡಿನ ಜೊತೆಗೆ ಮನೆಯೂ ಉಳಿಯಬೇಕು ಅನ್ನುವುದಕ್ಕೆ ಇನ್ನೊಂದು ಕಾರಣ ಇದೆ, ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಊರಿನಲ್ಲೇ ಒಬ್ಬ ಹಿರಿಯ ಶಿಲ್ಪಿ ಇದ್ದಾರೆ. ಇವತ್ತು ಈ ಸಭೆಯಲ್ಲೇ ಕೂತಿದ್ದಾರೆ, ಹೆಸರು ಹೇಳಬಾರದು ಅಂತ ಅಪ್ಪಣೆಯಾಗಿದೆ, ಹಾಗಾಗಿ ಹೇಳುವುದಿಲ್ಲ. ಅವರ ಮನೆಯನ್ನು ಹಾಗೇ ಉಳಿಸಿ ಊರಿಗೆ ಬಿಡೋಣ ಅನ್ನುವ ಮಾತು ಆರು ತಿಂಗಳಿಂದ ನಡೆದಿದೆ. ಮೊದಲ ಸಲ ನಾವು ನಾಲ್ಕು ಮಂದಿ ಹೋಗಿ ಶೆಡ್ಡಿನ ಅಳತೆ ತೆಗೆದೆವು, ಫೋಟೊ ಹಿಡಿದೆವು. ಅವರ ಮನೆಯ ಅವ್ವಾರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಕೊನೆಗೆ ಕೇಳಿದರು, "ಅಡಗಿ ಮನಿ ಬರಕೊಳ್ಳಂಗಿಲ್ಲೇನ್ರಿ?"

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅವ್ವಾರು ಒಳಗಿಂದ ಒಂದು ಸಾಣಿಗಿ ತಂದು ತೋರಿಸಿದರು. ಜೋಳದ ಹಿಟ್ಟಿನ ಸಾಣಿಗಿ. ಅಂಚಿನ ತುಂಬ ಬಿಳಿ ಪ್ಲಾಸ್ಟರ್ ಕಲ್ಲಾಗಿ ಕೂತಿದೆ. ನಲವತ್ತು ವರ್ಷ ಪ್ಲಾಸ್ಟರ್ ಜರಡಿ ಹಿಡಿದವರು ಅವರು. ಬೇಸಿಗೆಯಲ್ಲಿ ನಮ್ಮಲ್ಲಿ ಜೇಡಿಮಣ್ಣಿನ ಮೂರ್ತಿ ಒಂದು ತಾಸು ಬಿಟ್ಟರೆ ಬಿರಿಯುತ್ತದೆ. ಗೋಣಿತಟ್ಟು ತೋಯಿಸಿ ಹೊದಿಸಬೇಕು, ಒಣಗಿದ ಹಾಗೆ ಮತ್ತೆ ತೋಯಿಸಬೇಕು. ರಾತ್ರಿ ಎದ್ದು ತೋಯಿಸಿದವರು ಯಾರು? ಇವರೇ. "ಕೂಸಿಗೆ ಹಾಲು ಕುಡಿಸಿ, ಹೊರಗ ಬಂದು ಅಂಬೇಡ್ಕರ್ ಸಾಹೇಬರಿಗೆ ನೀರು ಹೊಡದು ಮಲಗತಿದ್ದೆ" ಅಂದರು. ಆ ಪ್ರತಿಮೆಯ ಪೀಠದ ಮೇಲೆ ಅನಾವರಣ ಮಾಡಿದವರ ಹೆಸರಿದೆ, ಸಮಿತಿಯವರ ಹೆಸರಿದೆ. ಈ ಸಾಣಿಗಿ ನಮ್ಮ ಪಟ್ಟಿಯಲ್ಲಿ ಈಗ ಒಂದನೇ ನಂಬರು. ಅದನ್ನು ತೊಳೆಯಬಾರದು ಅಂತ ಅವ್ವಾರಿಗೆ ಕೈಮುಗಿದು ಹೇಳಿ ಬಂದಿದ್ದೇವೆ.

ಈಗ ಕಾನೂನಿನ ಮಾತು. ಯಾರೋ ಕೇಳುತ್ತೀರಿ, ಪುರಾತತ್ವ ಇಲಾಖೆ ಇದನ್ನು ಸಂರಕ್ಷಿತ ಸ್ಮಾರಕ ಮಾಡಬಾರದೇ ಅಂತ. 1958ರ ಸ್ಮಾರಕ ಕಾಯ್ದೆಗೆ ನೂರು ವರ್ಷ ತುಂಬಿರಬೇಕು. ನಮ್ಮ ಈ ಮನೆಗೆ ಐವತ್ತೂ ಆಗಿಲ್ಲ. 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯ್ದೆಯಲ್ಲಿ 'ಕಲಾನಿಧಿ' ಅಂತ ಘೋಷಿಸಲು ನೂರು ವರ್ಷ ಬೇಕಿಲ್ಲ, ಕಲಾವಿದ ಬದುಕಿರಬಾರದು ಅಷ್ಟೇ. ಆ ಕಾಯ್ದೆಯಡಿ ಒಂಬತ್ತು ಕಲಾವಿದರ ಕೃತಿಗಳಿಗೆ ರಕ್ಷಣೆ ಇದೆ. ರವಿವರ್ಮ, ರವೀಂದ್ರನಾಥ, ಅವನೀಂದ್ರನಾಥ, ಗಗನೇಂದ್ರನಾಥ, ನಂದಲಾಲ್ ಬೋಸ್, ಜಾಮಿನಿ ರಾಯ್, ಅಮೃತಾ ಶೇರ್‌ಗಿಲ್, ಶೈಲೋಜ್ ಮುಖರ್ಜಿ, ನಿಕೊಲಾಸ್ ರೋರಿಕ್. ದೊಡ್ಡವರು, ಎರಡು ಮಾತಿಲ್ಲ. ಆದರೆ ಒಂಬತ್ತೂ ಜನ ಹೆಸರಾದದ್ದು ಚಿತ್ರದಲ್ಲಿ. ಶಿಲ್ಪವೇ ಬದುಕಾಗಿದ್ದವರು ಆ ಪಟ್ಟಿಯಲ್ಲಿ ಒಬ್ಬರೂ ಇಲ್ಲ. ಸಂತಾಲ ಕುಟುಂಬವನ್ನು 1938ರಲ್ಲಿ ಶಾಂತಿನಿಕೇತನದ ಬಯಲಲ್ಲಿ ಸಿಮೆಂಟು ಮತ್ತು ಅಲ್ಲಿನದೇ ಕೆಂಪು ಗರಸು ಕಲಸಿ ನಿಲ್ಲಿಸಿದ ರಾಮಕಿಂಕರ್ ಬೈಜ್ ಕೂಡ ಇಲ್ಲ. ಇದು ನನಗೆ ನೋವಿನ ಸಂಗತಿ. ಹಾಗಾಗಿ ದಿಲ್ಲಿಯಿಂದ ಯಾರೋ ಬಂದು ಕಾಪಾಡುತ್ತಾರೆ ಅಂತ ಕಾಯುವುದು ಬೇಡ.

ಊರೇ ಮುಂದೆ ಬಂದ ಉದಾಹರಣೆ ಇದೆ. ನಾರ್ವೆಯ ಓಸ್ಲೊದಲ್ಲಿ ಗುಸ್ತಾವ್ ವಿಗೆಲಾಂಡ್ ಅನ್ನುವ ಶಿಲ್ಪಿಯ ಹಳೆ ಜಾಗ ಗ್ರಂಥಾಲಯ ಕಟ್ಟಲು ನಗರಾಡಳಿತಕ್ಕೆ ಬೇಕಾಯಿತು. 1921ರಲ್ಲಿ ಒಪ್ಪಂದ ಮಾಡಿಕೊಂಡರು: ನಗರ ನಿಮಗೆ ಹೊಸ ಸ್ಟುಡಿಯೊ ಮತ್ತು ಮನೆ ಕಟ್ಟಿಸಿ ಕೊಡುತ್ತದೆ, ನಿಮ್ಮ ಕೃತಿಗಳು ನಗರಕ್ಕೆ ಸೇರಬೇಕು, ನಿಮ್ಮ ನಂತರ ಆ ಕಟ್ಟಡ ವಸ್ತುಸಂಗ್ರಹಾಲಯ ಆಗಬೇಕು. 1943ರಲ್ಲಿ ಅವರು ತೀರಿಕೊಂಡರು, 1947ರಲ್ಲಿ ಬಾಗಿಲು ತೆರೆಯಿತು. ಒಂದು ಮಹಾನಗರ ಪಾಲಿಕೆ ಮನಸ್ಸು ಮಾಡಿದರೆ ಇಷ್ಟು ಆಗುತ್ತದೆ. ನಮ್ಮಲ್ಲೂ ಒಬ್ಬ ಕಲಾವಿದರ ಹೆಸರಿನಲ್ಲಿ ರಂಗಮಂದಿರ ಇದೆ, ಎಸ್.ಎಂ. ಪಂಡಿತರದು. ಹೆಸರಿಡುವಷ್ಟು ಪ್ರೀತಿ ಈ ಊರಿಗೆ ಇದೆ ಅನ್ನುವುದು ಅದರಿಂದಲೇ ಗೊತ್ತಾಗುತ್ತದೆ.

ಮತ್ತೆ ಅಚ್ಚಿನ ಮಾತಿಗೆ ಬರುತ್ತೇನೆ, ಯಾಕೆಂದರೆ ಹಣದ ಪ್ರಶ್ನೆಗೆ ಉತ್ತರ ಅಲ್ಲೇ ಇದೆ. ಪ್ಯಾರಿಸ್ಸಿನ ಶಿಲ್ಪಿ ರೋಡಾಂ 1916ರಲ್ಲಿ ತಮ್ಮ ಕೃತಿಗಳನ್ನೆಲ್ಲ ದೇಶಕ್ಕೆ ದಾನ ಮಾಡಿದರು, 1919ರಲ್ಲಿ ವಸ್ತುಸಂಗ್ರಹಾಲಯ ತೆರೆಯಿತು. ಕೃತಿಗಳ ಜೊತೆ ಮರು ಎರಕದ ಹಕ್ಕನ್ನೂ ಕೊಟ್ಟಿದ್ದರು. ಆ ಅಚ್ಚುಗಳಿಂದ ಆ ಸಂಸ್ಥೆ ಇವತ್ತಿಗೂ ಕಂಚಿನ ಪ್ರತಿ ತೆಗೆದು ಮಾರುತ್ತದೆ. ಒಂದು ಕೃತಿಗೆ ಹನ್ನೆರಡೇ ಪ್ರತಿ, ಅದಕ್ಕಿಂತ ಹೆಚ್ಚಿಲ್ಲ. ಆ ಹಣದಲ್ಲಿ ಸಂಸ್ಥೆ ತನ್ನ ಖರ್ಚು ತಾನೇ ನೋಡಿಕೊಳ್ಳುತ್ತದೆ. ನಮ್ಮ ಓಣಿಯ ತಗ್ಗಿಗೆ ಹೋದ ಆ ಟ್ರ್ಯಾಕ್ಟರಿನಲ್ಲಿ ಏನಿತ್ತು ಅಂತ ಈಗ ಯೋಚಿಸಿ.

ಅದಕ್ಕೇ ಕಾಗದ ಪತ್ರ ಸರಿಯಾಗಿರಬೇಕು. ಮನೆ ಯಾರದು ಅನ್ನುವುದು ಒಂದು, ಮೂರ್ತಿ ಯಾರದು ಅನ್ನುವುದು ಇನ್ನೊಂದು, ಅದರಿಂದ ಪ್ರತಿ ತೆಗೆಯುವ ಹಕ್ಕು ಯಾರದು ಅನ್ನುವುದು ಮೂರನೆಯದು. ನಮ್ಮ ದೇಶದಲ್ಲಿ ಹಕ್ಕುಸ್ವಾಮ್ಯ ಕಲಾವಿದ ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ, ವಾರಸುದಾರರಿಗೆ ಹೋಗುತ್ತದೆ. ಮನೆಯನ್ನು ಟ್ರಸ್ಟಿಗೆ ದಾನಪತ್ರ ಮಾಡಿ, ಅಚ್ಚಿನ ಹಕ್ಕಿನ ಬಗ್ಗೆ ಒಂದು ಸಾಲೂ ಬರೆಯದೆ ಹೋದರೆ ನಾಳೆ ಮಕ್ಕಳು ಮೊಮ್ಮಕ್ಕಳ ನಡುವೆ ಜಗಳ ಗ್ಯಾರಂಟಿ. ಮಕ್ಕಳನ್ನೆಲ್ಲ ಒಂದೇ ಚಾಪೆಯ ಮೇಲೆ ಕೂಡಿಸಿ, ಹೊಲ ಪಾಲು ಮಾಡಿದ ಹಾಗೆ, ಶಿಲ್ಪಿ ಇರುವಾಗಲೇ ಬರೆಸಬೇಕು. ನಮ್ಮ ಹಿರಿಯ ಶಿಲ್ಪಿಯ ಮನೆಯಲ್ಲಿ ಈ ಮಾತುಕತೆ ಎರಡು ಸಲ ಆಗಿದೆ. ಒಬ್ಬ ಮಗನಿಗೆ ಇನ್ನೂ ಮನಸ್ಸಿಲ್ಲ. ಅವನ ಮೇಲೆ ಒತ್ತಡ ಹಾಕಬೇಡಿ ಅಂತ ನಿಮ್ಮೆಲ್ಲರಲ್ಲಿ ಕೇಳಿಕೊಳ್ಳುತ್ತೇನೆ. ಅದು ಅವನ ಮನೆ.

ಹುಡುಗರಿಗೆ ಕೆಲಸದ ಮಾತು ನಾಲ್ಕು. ಪ್ಲಾಸ್ಟರಿಗೆ ನೀರು ಸೋಕಿಸಬೇಡಿ. ಧೂಳು ಇದೆಯಂತ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಧೂಳು ಒಳಗೆ ಇಳಿಯುತ್ತದೆ, ಮೇಲಿನ ಮೊನಚು ಹೋಗುತ್ತದೆ. ಮೆತ್ತನೆಯ ಒಣ ಬ್ರಷ್ ಸಾಕು. ಮೂರ್ತಿಯ ಮೇಲೆ ಕಂದು ಕಲೆ, ಗೆರೆಯಂಥ ಬಿರುಕು ಕಂಡರೆ ಒಳಗಿನ ಕಬ್ಬಿಣದ ಸರಳು ತುಕ್ಕು ಹಿಡಿದು ಉಬ್ಬುತ್ತಿದೆ ಅಂತ ಅರ್ಥ, ಮೇಲೆ ಪುಟ್ಟಿ ಬಳಿದು ಮುಚ್ಚಬೇಡಿ, ತಿಳಿದವರನ್ನು ಕರೆಯಿರಿ. ಪತ್ರಾಸಿನ ಕೆಳಗೆ ನಮ್ಮ ಮೇ ತಿಂಗಳಲ್ಲಿ ಮೇಣ ಕರಗಿ ಹರಿಯುತ್ತದೆ, ಮೇಣದ ಮಾದರಿಗಳನ್ನು ಮೊದಲು ತಣ್ಣಗಿನ ಕೋಣೆಗೆ ಸಾಗಿಸಿ. ಎರೆಮಣ್ಣಿನ ಮೇಲೆ ಕಟ್ಟಿದ ಮನೆ ಮಳೆಗಾಲಕ್ಕೆ ಉಬ್ಬಿ ಬೇಸಿಗೆಗೆ ಕುಗ್ಗುತ್ತದೆ, ಗೋಡೆಯ ಬಿರುಕಿನ ಎರಡೂ ಕಡೆ ಪೆನ್ಸಿಲಿನಲ್ಲಿ ಗುರುತು ಹಾಕಿ ತಾರೀಖು ಬರೆಯಿರಿ, ಬೆಳೆಯುತ್ತಿದೆಯೋ ಇಲ್ಲವೋ ಆರು ತಿಂಗಳಿಗೆ ತಿಳಿಯುತ್ತದೆ.

ಎಲ್ಲಕ್ಕಿಂತ ಮೊದಲು, ಏನನ್ನೂ ಅಲುಗಿಸುವ ಮುಂಚೆ, ಫರಸಿ ಲೆಕ್ಕ. ಇದು ನನಗೆ ಬಹಳ ಇಷ್ಟವಾದ ಕೆಲಸ. ಹಿರಿಯರ ಶೆಡ್ಡಿನ ನೆಲಕ್ಕೆ ಶಹಾಬಾದಿ ಫರಸಿ ಇದೆ, ಎರಡಡಿಗೆ ಎರಡಡಿ. ಅಡ್ಡ ಒಂಬತ್ತು, ಉದ್ದ ಹದಿನಾಲ್ಕು. ನೆಲವೇ ನಮಗೆ ಚೌಕದ ಕಾಗದ ಆಯಿತು. ಅಡ್ಡಕ್ಕೆ ಅ, ಆ, ಇ, ಈ ಅಂತ ಅಕ್ಷರ, ಉದ್ದಕ್ಕೆ 1, 2, 3. 'ಇ-6: ತಿರುಗುಪೀಠ, ಮರದ್ದು, ಮೇಲೆ ಮಗುವಿನ ಕಾಲು, ಮಣ್ಣಿನದು, ಒಣಗಿದೆ.' ಹೀಗೆ ಒಂದೊಂದು ಫರಸಿಯ ಮೇಲೆ ಏನಿದೆ ಅಂತ ಬರೆಯುತ್ತ ಹೋಗುವುದು. ಬರೆಯುವಾಗ ಹಿರಿಯರನ್ನು ಪಕ್ಕಕ್ಕೆ ಕೂಡಿಸಿಕೊಂಡು ಕೇಳುವುದು, ಇದು ಯಾಕೆ ಇಲ್ಲಿದೆ ಅಂತ. ಮಗುವಿನ ಆ ಕಾಲಿನ ಬಗ್ಗೆ ಕೇಳಿದಾಗ ಅವರು ಸುಮ್ಮನಾದರು. ಸ್ವಲ್ಪ ಹೊತ್ತಾದ ಮೇಲೆ, "ಅದು ಹಂಗೇ ಇರಲಿ, ಬರಕೋ. ಮುಂದಿಂದು ಕೇಳು" ಅಂದರು. ಹಾಗೇ ಬರೆದುಕೊಂಡಿದ್ದೇವೆ.

126 ಫರಸಿಯಲ್ಲಿ ಇಲ್ಲಿಯವರೆಗೆ 31 ಮುಗಿದಿವೆ. ನಮಗೆ ಕೈ ಸಾಲುತ್ತಿಲ್ಲ. ಅಕ್ಷರ ಚೆನ್ನಾಗಿರುವ ಇಬ್ಬರು ಬೇಕು, ಫೋಟೊ ಹಿಡಿಯುವವರು ಒಬ್ಬರು, ಧ್ವನಿ ಮುದ್ರಿಸಿಕೊಂಡು ಆಮೇಲೆ ಅವರ ಮಾತಿನಲ್ಲೇ, ತಿದ್ದದೆ, ಇಳಿಸಿಕೊಳ್ಳುವವರು ಒಬ್ಬರು. ಅವ್ವಾರ ಮಾತನ್ನೂ ಅಷ್ಟೇ ಕಾಳಜಿಯಿಂದ ಬರೆದುಕೊಳ್ಳಬೇಕು, ಅದಕ್ಕೆ ಹುಡುಗಿಯರು ಬಂದರೆ ಒಳ್ಳೆಯದು, ಅಡಗಿಮನಿಯಲ್ಲಿ ಕೂತು ಮಾತಾಡಬಹುದು. ಸೋಮವಾರದಿಂದ ಮತ್ತೆ ಶುರು ಮಾಡುತ್ತೇವೆ. ಈ ಅರ್ಧ ಅಚ್ಚನ್ನು ಬಿಚ್ಚಿಡುತ್ತೇನೆ, ಹೋಗುವ ಮುಂಚೆ ಒಬ್ಬೊಬ್ಬರಾಗಿ ಬಂದು ನೋಡಿ, ಒಳಬದಿಯ ಹುಬ್ಬಿನ ಹತ್ತಿರ ಗುರುಗಳ ಹೆಬ್ಬೆರಳಿನ ಗುರುತಿದೆ. ನೋಡಿದ ಮೇಲೆ ಅದರ ಪಕ್ಕದ ರಿಜಿಸ್ಟರಿನಲ್ಲಿ ಹೆಸರು ಬರೆಯಿರಿ. ಹಿರಿಯರ ಮನೆಗೆ ಬರುವವರು ನಾಲ್ಕು ಗಂಟೆಯ ಮೇಲೆ ಬನ್ನಿ. ಮುಂಜಾನೆ ಬೇಡ, ಮುಂಜಾನೆ ಅವರು ಕೆಲಸಕ್ಕೆ ಕೂತಿರುತ್ತಾರೆ.